ಸೋಲಿನ ಲೆಕ್ಕವನ್ನು ಯಾರಲ್ಲಿ ಕೇಳಬೇಕು? ರಟ್ಗರ್ಸ್ ತಂಡದ ಕನ್ನಡಿಗ ಅಭಿಮಾನಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನ್ಯೂಜೆರ್ಸಿಯ ಎಡಿಸನ್, ಪಿಸ್ಕಾಟವೇ ಮತ್ತು ಸುತ್ತಮುತ್ತಲ ಊರುಗಳಲ್ಲಿ ನೆಲೆಸಿ, ಮಕ್ಕಳನ್ನು ರಟ್ಗರ್ಸ್ ವಿಶ್ವವಿದ್ಯಾಲಯಕ್ಕೆ ಸೇರಿಸಿ, ಚಳಿಗಾಲದ ಸಂಜೆಗಳಲ್ಲಿ ಅವರ ಜೊತೆಯಲ್ಲೇ ಜೆರ್ಸಿ ಮೈಕ್ಸ್ ಅರೀನಾದಲ್ಲಿ ಕೆಂಪಂಗಿ ತೊಟ್ಟು ಕೂರುವ ಕನ್ನಡಿಗರನ್ನು ಉದ್ದೇಶಿಸಿ ಈ ಪತ್ರ ಬರೆಯುತ್ತಿದ್ದೇನೆ. ಕ್ರಿಕೆಟ್ಟಿನಷ್ಟೇ ಅಕ್ಕರೆಯಿಂದ ಕಾಲೇಜು ಬಾಸ್ಕೆಟ್‌ಬಾಲನ್ನು ನೋಡುವ ಒಂದು ತಲೆಮಾರು ನಮ್ಮಲ್ಲೇ ಬೆಳೆದಿದೆ. ಆ ಅಕ್ಕರೆಯ ಬಗ್ಗೆ ನನಗೆ ಹೆಮ್ಮೆಯಿದೆ. ಆದರೆ 2024–25ರ ಋತುವಿನ ಮಾತು ಬಂದಾಗಲೆಲ್ಲ ಏಸ್ ಬೈಲಿ ಮತ್ತು ಡಿಲನ್ ಹಾರ್ಪರ್ ಎಂಬ ಇಬ್ಬರು ಹುಡುಗರು ನಮ್ಮನ್ನು ನಂಬಿಸಿ ಕೈಕೊಟ್ಟರೆಂಬ ತೀರ್ಪು ನಮ್ಮ ನಡುವೆಯೂ ಸಲೀಸಾಗಿ ಹೊರಬೀಳುತ್ತಿದೆ. ಆ ತೀರ್ಪು ತಪ್ಪೆಂದು ನಾನು ನಂಬಿದ್ದೇನೆ. ಇದೇ ಅರೀನಾಕ್ಕೆ ಮುಂದೆಯೂ ಐದು ನಕ್ಷತ್ರದ (ಹೈಸ್ಕೂಲು ಆಟಗಾರರಿಗೆ ಪರಿಣತರು ಕೊಡುವ ಅತ್ಯುನ್ನತ ದರ್ಜೆಯ) ಹುಡುಗರು ಬರಬಹುದು. ಅವರನ್ನೂ ನಾವು ಇದೇ ತಕ್ಕಡಿಯಲ್ಲಿ ತೂಗಬಾರದೆಂಬ ಕಾಳಜಿಯಿಂದ ಕೆಲವು ಸಂಗತಿಗಳನ್ನು ನಿಮ್ಮ ಮುಂದಿಡುತ್ತಿದ್ದೇನೆ.

ನಮ್ಮ ಆಸೆ ಎಲ್ಲಿಂದ ಹುಟ್ಟಿತೆಂಬುದನ್ನು ಮೊದಲು ಒಪ್ಪಿಕೊಳ್ಳೋಣ. ಆ ವರ್ಷ ಹೈಸ್ಕೂಲು ಮುಗಿಸಿದ ಆಟಗಾರರ ರ‍್ಯಾಂಕಿಂಗಿನಲ್ಲಿ ಮೇನ್ ರಾಜ್ಯದ ಕೂಪರ್ ಫ್ಲ್ಯಾಗ್ ಮೊದಲಿಗನಾಗಿದ್ದರೆ, ಅವನ ಬೆನ್ನಿಗಿದ್ದ ಇಬ್ಬರು ಬೈಲಿ ಮತ್ತು ಹಾರ್ಪರ್. ಫ್ಲ್ಯಾಗ್ ಡ್ಯೂಕ್ ವಿಶ್ವವಿದ್ಯಾಲಯಕ್ಕೆ ಹೋದದ್ದರಲ್ಲಿ ಯಾರಿಗೂ ಅಚ್ಚರಿಯಿರಲಿಲ್ಲ. ಡ್ಯೂಕ್‌ಗೆ ಅಂಥವರು ಬರುವುದು ವಾಡಿಕೆ. ಉಳಿದಿಬ್ಬರೂ ರಟ್ಗರ್ಸ್ ಸೇರುತ್ತಾರೆಂಬುದನ್ನು ಮಾತ್ರ ಇಡೀ ದೇಶ ಕಣ್ಣರಳಿಸಿ ನೋಡಿತು. ಬೈಲಿ ಟೆನೆಸಿಯ ಚಟ್ಟನೂಗದಲ್ಲಿ ಹುಟ್ಟಿ ಜಾರ್ಜಿಯದ ಹೈಸ್ಕೂಲಿನಲ್ಲಿ ಆಡಿದವನು. ಹಾರ್ಪರ್ ನಮ್ಮದೇ ರಾಜ್ಯದ ಡಾನ್ ಬಾಸ್ಕೊ ಶಾಲೆಯ ಹುಡುಗ. ಅವನ ತಂದೆ ರಾನ್ ಹಾರ್ಪರ್ ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯಲ್ಲಿ ಐದು ಪ್ರಶಸ್ತಿ ಗೆದ್ದವರು. ಅಣ್ಣ ರಾನ್ ಹಾರ್ಪರ್ ಜೂನಿಯರ್ 2021ರ ಡಿಸೆಂಬರಿನಲ್ಲಿ, ಆಗ ದೇಶದಲ್ಲೇ ಮೊದಲ ಸ್ಥಾನದಲ್ಲಿದ್ದ ಪರ್ಡ್ಯೂ ತಂಡವನ್ನು ಕೊನೆಯ ಕ್ಷಣದಲ್ಲಿ ಮೈದಾನದ ನಡುವಿನಿಂದ ಎಸೆದ ಒಂದೇ ಚೆಂಡಿನಿಂದ 70–68ರಲ್ಲಿ ಸೋಲಿಸಿದ್ದನ್ನು ನಮ್ಮಲ್ಲಿ ಯಾರು ಮರೆತಿದ್ದಾರೆ? ಅಂಥ ಮನೆಯ ಕಿರಿಯ ಮಗ ಅದೇ ಅಂಗಿ ತೊಡುತ್ತಾನೆಂದರೆ ಹೃದಯ ಉಬ್ಬದಿರಲು ಸಾಧ್ಯವಿರಲಿಲ್ಲ.

ಹಸಿವೂ ಹಳೆಯದು. 1976ರಲ್ಲಿ ರಟ್ಗರ್ಸ್ 31 ಪಂದ್ಯಗಳಲ್ಲಿ ಒಂದನ್ನೂ ಸೋಲದೆ ಫೈನಲ್ ಫೋರ್ (ಕಾಲೇಜುಗಳ ರಾಷ್ಟ್ರೀಯ ಟೂರ್ನಿಯ ಕೊನೆಯ ನಾಲ್ಕು ತಂಡಗಳ ಘಟ್ಟ) ತಲುಪಿ, ಅಲ್ಲಿ ಮಿಶಿಗನ್‌ಗೆ ಮಣಿಯಿತು. ಆ ಎತ್ತರವನ್ನು ಈ ತಂಡ ಮತ್ತೆ ಮುಟ್ಟಿಲ್ಲ. 1991ರ ನಂತರವಂತೂ ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆ ಎನ್‌ಸಿಎಎ ನಡೆಸುವ ಆ ಟೂರ್ನಿಯ ಬಾಗಿಲು ಮೂವತ್ತು ವರ್ಷ ಮುಚ್ಚಿಯೇ ಇತ್ತು. 2016ರಲ್ಲಿ ಕೋಚ್ ಆಗಿ ಬಂದ ಸ್ಟೀವ್ ಪೈಕೆಲ್, ದೊಡ್ಡ ಹೆಸರಿನವರು ಯಾರೂ ಇಲ್ಲದ ತಂಡವನ್ನು ರಕ್ಷಣೆಯ ಬಲದ ಮೇಲೆ ಕಟ್ಟಿ, 2021ರಲ್ಲಿ ಆ ಬಾಗಿಲು ತೆರೆಸಿದರು. ಆ ಸಲ ಕ್ಲೆಮ್ಸನ್ ತಂಡವನ್ನು ಸೋಲಿಸಿದ ಮೇಲೆ ಹ್ಯೂಸ್ಟನ್ ವಿರುದ್ಧ ಕೇವಲ ಮೂರು ಅಂಕಗಳಿಂದ ಸೋತೆವು. ಬೆವರಿನಿಂದಲೇ ಇಷ್ಟು ದೂರ ಬಂದವರಿಗೆ ದೇಶದ ಅತ್ಯುತ್ತಮ ಮೂವರಲ್ಲಿ ಇಬ್ಬರು ಸಿಕ್ಕರೆ ಇನ್ನೆಷ್ಟು ದೂರ ಹೋಗಬಹುದು ಎಂದು ನಾವೆಲ್ಲ ಲೆಕ್ಕ ಹಾಕಿದೆವು. ಪತ್ರಕರ್ತರೂ ಅದೇ ಲೆಕ್ಕ ಹಾಕಿದರು. ಋತು ಆರಂಭವಾಗುವ ಮೊದಲೇ ಎಪಿ ಸುದ್ದಿಸಂಸ್ಥೆಯ ಅಗ್ರ ತಂಡಗಳ ಪಟ್ಟಿಯಲ್ಲಿ ರಟ್ಗರ್ಸ್‌ಗೆ 25ನೇ ಸ್ಥಾನ ಸಿಕ್ಕಿತ್ತು.

ಮುಂದೆ ನಡೆದದ್ದು ನಿಮಗೆ ಗೊತ್ತಿದೆ. ನವೆಂಬರಿನಲ್ಲೇ ಜಾರ್ಜಿಯದಲ್ಲಿ ಕೆನೆಸಾ ಸ್ಟೇಟ್ ಎದುರು 79–77ರ ಸೋಲು. ಲಾಸ್ ವೇಗಸ್‌ನಲ್ಲಿ ನೋಟರ್ ಡೇಮ್ ವಿರುದ್ಧ ಹಾರ್ಪರ್ 36 ಅಂಕ ಗಳಿಸಿ ಗೆಲ್ಲಿಸಿದ. ಮರುದಿನವೇ ಅಲಬಾಮ ವಿರುದ್ಧ ಅವನು 37 ಅಂಕ ಗಳಿಸಿದರೂ ತಂಡ ಸೋತಿತು. ಡಿಸೆಂಬರಿನಲ್ಲಿ ಸೀಟನ್ ಹಾಲ್ ವಿರುದ್ಧ ಕೊನೆಯ ಗಂಟೆ ಮೊಳಗುವಾಗ ಅವನು ಎಸೆದ ತ್ರೀ ಪಾಯಿಂಟರ್ ಬುಟ್ಟಿಗೆ ಬಿದ್ದಾಗ ಅರೀನಾದ ಛಾವಣಿಯೇ ಹಾರಿಹೋದಂತಾಗಿತ್ತು. ಅದಾಗಿ ಒಂದು ವಾರಕ್ಕೆ ಪ್ರಿನ್ಸ್‌ಟನ್ ಎದುರು ಒಂದೇ ಅಂಕದಿಂದ ಸೋತೆವು. ಜನವರಿಯಲ್ಲಿ ಇಂಡಿಯಾನದ ಅಂಗಳದಲ್ಲಿ ಬೈಲಿ 39 ಅಂಕ ಗಳಿಸಿದ ರಾತ್ರಿಯೂ ಗೆಲುವು ಬರಲಿಲ್ಲ. ಕಾಯಿಲೆ ಮತ್ತು ಗಾಯ ಹಾರ್ಪರ್‌ನನ್ನು ಚಳಿಗಾಲದ ನಟ್ಟನಡುವೆ ಕಾಡಿದವು. ಮಾರ್ಚಿನಲ್ಲಿ ರಟ್ಗರ್ಸ್ ಆಡುವ ಬಿಗ್ ಟೆನ್ ಎಂಬ ಕಾಲೇಜು ಲೀಗಿನ ಟೂರ್ನಿಯ ಮೊದಲ ಸುತ್ತಿನಲ್ಲೇ ಯುಎಸ್‌ಸಿ ತಂಡ ಎರಡು ಹೆಚ್ಚುವರಿ ಅವಧಿಗಳ ಬಳಿಕ 97–89ರಲ್ಲಿ ನಮ್ಮನ್ನು ಹೊರಗೆ ಕಳಿಸಿತು. ಒಟ್ಟು 15 ಗೆಲುವು, 17 ಸೋಲು. ಎನ್‌ಸಿಎಎ ಟೂರ್ನಿಯ ಕರೆ ಬರಲೇ ಇಲ್ಲ.

ಈಗ ಇನ್ನೊಂದು ಅಂಕಿಯನ್ನು ಇದರ ಪಕ್ಕದಲ್ಲಿಡಿ. ಇವರಿಬ್ಬರೂ ಬರುವ ಹಿಂದಿನ ವರ್ಷ, 2023–24ರಲ್ಲಿ, ರಟ್ಗರ್ಸ್ ಗೆದ್ದದ್ದು ಎಷ್ಟು? 15. ಸೋತದ್ದು 17. ಈ ಎರಡು ಸಾಲುಗಳನ್ನು ನೋಡಿದ ತಕ್ಷಣ, ಇಬ್ಬರು ತಾರೆಗಳು ಬಂದೂ ಏನೂ ಬದಲಾಗಲಿಲ್ಲ ಎಂದು ಹೇಳಿಬಿಡುವುದು ಸುಲಭ. ನಿಜವಾಗಿ ಬಹಳಷ್ಟು ಬದಲಾಗಿತ್ತು. ಹಿಂದಿನ ವರ್ಷದ ತಂಡಕ್ಕೆ ರಕ್ಷಣೆ ಗೊತ್ತಿತ್ತು, ಅಂಕ ಗಳಿಸಲು ಮಾತ್ರ ಪರದಾಡುತ್ತಿತ್ತು. ನಾಲ್ಕು ವರ್ಷ ಬುಟ್ಟಿಯ ಕೆಳಗೆ ಗೋಡೆಯಂತೆ ನಿಂತಿದ್ದ ಕ್ಲಿಫ್ ಒಮೊರುಯಿ 2024ರಲ್ಲಿ ಅಲಬಾಮ ಸೇರಿದ. ಅವನ ಹಿಂದೆ ಇನ್ನೂ ಕೆಲವರು ಹೋದರು. ಅವರ ಜಾಗಕ್ಕೆ ಬಂದವರು ಸಣ್ಣ ಸಂಸ್ಥೆಗಳಲ್ಲಿ ಚೆನ್ನಾಗಿ ಆಡಿ, ಬಿಗ್ ಟೆನ್‌ನ ಎತ್ತರ ಮತ್ತು ದೇಹಬಲವನ್ನು ಮೊದಲ ಸಲ ಎದುರಿಸುತ್ತಿದ್ದವರು. ಬೈಲಿ ಪ್ರತಿ ಪಂದ್ಯಕ್ಕೆ ಸರಾಸರಿ 17.6 ಅಂಕ ಮತ್ತು 7.2 ರಿಬೌಂಡ್ (ಬುಟ್ಟಿ ತಪ್ಪಿದ ಚೆಂಡನ್ನು ಹಿಡಿಯುವುದು) ಕೊಟ್ಟ. ಹಾರ್ಪರ್ 19.4 ಅಂಕದ ಜೊತೆಗೆ ನಾಲ್ಕು ಅಸಿಸ್ಟ್ (ಜೊತೆಗಾರ ಅಂಕ ಗಳಿಸುವಂತೆ ಚೆಂಡು ಕೊಡುವುದು) ಕೊಟ್ಟ. ಇಬ್ಬರು ಫ್ರೆಶ್‌ಮನ್‌ಗಳು (ಮೊದಲ ವರ್ಷದ ವಿದ್ಯಾರ್ಥಿಗಳು) ಸೇರಿ ಪಂದ್ಯಕ್ಕೆ 37 ಅಂಕ ತಂದುಕೊಡುವುದೆಂದರೆ ಅದು ಯಾವ ಕಾಲೇಜಿನ ಇತಿಹಾಸದಲ್ಲೂ ಅಪರೂಪದ ಕೊಡುಗೆ. ಈ ಸಲ ಅಂಕಗಳಿಗೆ ಕೊರತೆಯಿರಲಿಲ್ಲ, ಎದುರಾಳಿಯನ್ನು ತಡೆಯುವವರು ಇರಲಿಲ್ಲ. ಹದಿನೆಂಟರ ಹುಡುಗರಿಂದ ನಾವು ಕೇಳಿದ್ದು ಅವರು ಕೊಡಬಲ್ಲದ್ದನ್ನಷ್ಟೇ ಅಲ್ಲ. ತಂಡ ಕಟ್ಟುವವರು ತುಂಬಬೇಕಾಗಿದ್ದ ಖಾಲಿ ಜಾಗಗಳನ್ನೂ ಅವರೇ ತುಂಬಲಿ ಎಂದು ಕೇಳಿದೆವು.

ರ‍್ಯಾಂಕಿಂಗ್ ಎಂಬುದು ಏನನ್ನು ಅಳೆಯುತ್ತದೆ ಎಂಬ ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ಕೇಳುವುದೇ ಇಲ್ಲ. ಬೇಸಿಗೆಯಲ್ಲಿ ನಡೆಯುವ ಎಎಯು ಎಂಬ ಹವ್ಯಾಸಿ ಕ್ರೀಡಾ ಒಕ್ಕೂಟದ ಟೂರ್ನಿಗಳಲ್ಲಿ ಓಡಾಡಿ ಹುಡುಗರಿಗೆ ನಕ್ಷತ್ರ ಕೊಡುವ ಪರಿಣತರು ಮುಖ್ಯವಾಗಿ ನೋಡುವುದು ಐದಾರು ವರ್ಷಗಳಾಚೆ ಆ ಹುಡುಗ ಎನ್‌ಬಿಎಯಲ್ಲಿ ಎಂಥ ಆಟಗಾರನಾದಾನು ಎಂಬುದನ್ನು. ಅವನ ಎತ್ತರ, ತೋಳಿನ ಉದ್ದ, ಎಸೆತದ ಲಯ, ಇನ್ನೂ ತುಂಬಿಕೊಳ್ಳಬೇಕಾದ ದೇಹ, ಎಲ್ಲವೂ ಆ ಭವಿಷ್ಯದ ಅಂದಾಜಿನ ಭಾಗ. ಬರುವ ಫೆಬ್ರವರಿಯ ಮಂಗಳವಾರ ರಾತ್ರಿ, ಹೊರ ಊರಿನ ಅಂಗಳದಲ್ಲಿ, ಇಪ್ಪತ್ಮೂರು ವರ್ಷದ ಎದುರಾಳಿಯ ಭುಜದ ಪೆಟ್ಟು ತಿಂದು ಅವನು ಎಷ್ಟು ಪಂದ್ಯ ಗೆಲ್ಲಿಸುತ್ತಾನೆ ಎಂಬುದನ್ನು ಆ ಪಟ್ಟಿ ಹೇಳುವುದಿಲ್ಲ, ಹೇಳುತ್ತೇನೆಂದು ಮಾತು ಕೊಟ್ಟದ್ದೂ ಇಲ್ಲ. ಇಪ್ಪತ್ಮೂರು ಎಂದದ್ದು ಉತ್ಪ್ರೇಕ್ಷೆಯಲ್ಲ. ಕೊರೊನಾ ಕಾಲದಲ್ಲಿ ಎಲ್ಲ ಆಟಗಾರರಿಗೂ ಒಂದು ಹೆಚ್ಚುವರಿ ವರ್ಷ ಕೊಟ್ಟಿದ್ದರಿಂದ, ಜೊತೆಗೆ ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಹೋಗುವುದು ಸುಲಭವಾದ್ದರಿಂದ, ಅನುಭವಸ್ಥರೇ ತುಂಬಿದ ತಂಡಗಳು ಆ ವರ್ಷ ಎಲ್ಲೆಲ್ಲೂ ಇದ್ದವು. ಅನುಮಾನವಿದ್ದರೆ ಪಟ್ಟಿ ತನ್ನದೇ ಅಳತೆಯಲ್ಲಿ ಎಷ್ಟು ನಿಜವಾಯಿತು ನೋಡಿ: 2025ರ ಜೂನ್ ಡ್ರಾಫ್ಟ್‌ನಲ್ಲಿ (ಎನ್‌ಬಿಎ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಪ್ರಕ್ರಿಯೆಯಲ್ಲಿ) ಹಾರ್ಪರ್‌ನನ್ನು ಸ್ಯಾನ್ ಅಂಟೋನಿಯೊ ಎರಡನೆಯವನಾಗಿ, ಬೈಲಿಯನ್ನು ಯೂಟಾ ಐದನೆಯವನಾಗಿ ಆರಿಸಿಕೊಂಡವು. ಪಟ್ಟಿ ಮಾಡಿದವರು ಅವರ ಬಗ್ಗೆ ಹೇಳಿದ್ದು ಸುಳ್ಳಾಗಲಿಲ್ಲ. ಅದರಿಂದ ನಾವು ತೆಗೆದ ಅರ್ಥ ಸುಳ್ಳಾಯಿತು.

ನಮ್ಮದು ಒಂಟಿ ಕಥೆಯೂ ಅಲ್ಲ. 2015–16ರಲ್ಲಿ ಬೆನ್ ಸಿಮನ್ಸ್ ಎಲ್‌ಎಸ್‌ಯು (ಲೂಸಿಯಾನ ಸ್ಟೇಟ್ ವಿಶ್ವವಿದ್ಯಾಲಯ) ಪರ ಪಂದ್ಯಕ್ಕೆ 19 ಅಂಕ, ಸುಮಾರು 12 ರಿಬೌಂಡ್ ಗಳಿಸಿದರೂ ಆ ತಂಡಕ್ಕೆ ಎನ್‌ಸಿಎಎ ಟೂರ್ನಿ ಸಿಗಲಿಲ್ಲ. ಮರುವರ್ಷ ಮಾರ್ಕೆಲ್ ಫುಲ್ಟ್ಸ್ ಪಂದ್ಯಕ್ಕೆ 23 ಅಂಕ ಗಳಿಸುತ್ತಿದ್ದ ವಾಷಿಂಗ್ಟನ್ ತಂಡ ಗೆದ್ದದ್ದು ಒಂಬತ್ತೇ ಪಂದ್ಯ. 2019–20ರಲ್ಲಿ ಆಂಥನಿ ಎಡ್ವರ್ಡ್ಸ್ ಇದ್ದ ಜಾರ್ಜಿಯ 16 ಗೆದ್ದು 16 ಸೋತಿತು. ಈ ಮೂವರೂ ತಮ್ಮ ವರ್ಷದ ಡ್ರಾಫ್ಟ್‌ನಲ್ಲಿ ಮೊದಲ ಆಯ್ಕೆಯಾದವರು. ಇವರ ಪ್ರತಿಭೆಯನ್ನು ಯಾರೂ ಪ್ರಶ್ನಿಸಲಾರರು. ಒಬ್ಬ ಅಥವಾ ಇಬ್ಬರು ಅಸಾಮಾನ್ಯ ಹುಡುಗರಿಂದ ಒಂದು ತಂಡದ ಹಣೆಬರಹ ಬದಲಾಗಿಬಿಡುತ್ತದೆ ಎಂಬ ನಂಬಿಕೆಗೆ ಇತ್ತೀಚಿನ ಇತಿಹಾಸದಲ್ಲಿ ಆಧಾರ ತೀರಾ ತೆಳುವಾಗಿದೆ.

ಗೆದ್ದವರ ಉದಾಹರಣೆ ಕೊಡುವಾಗಲೂ ನಾವು ಪೂರ್ತಿ ಕಥೆ ಹೇಳುವುದಿಲ್ಲ. 2012ರಲ್ಲಿ ಕೆಂಟಕಿಗೆ ಪ್ರಶಸ್ತಿ ತಂದುಕೊಟ್ಟವನು ಆಂಥನಿ ಡೇವಿಸ್ ಎಂದೇ ಎಲ್ಲರ ನೆನಪು. ಕಾನ್ಸಾಸ್ ವಿರುದ್ಧದ ಆ ಅಂತಿಮ ಪಂದ್ಯದಲ್ಲಿ ಡೇವಿಸ್ ಎಸೆದ ಹತ್ತರಲ್ಲಿ ಬುಟ್ಟಿಗೆ ಬಿದ್ದದ್ದು ಒಂದೇ ಒಂದು. ಅವನು ಗಳಿಸಿದ್ದು ಆರು ಅಂಕ. ಹಾಗಿದ್ದೂ 16 ರಿಬೌಂಡ್, ಆರು ಬ್ಲಾಕ್‌ಗಳೊಂದಿಗೆ (ಎದುರಾಳಿಯ ಎಸೆತವನ್ನು ತಡೆಯುವುದು) ಅಂಗಳವನ್ನೆಲ್ಲ ಆವರಿಸಿಕೊಂಡು ಅವನೇ ಟೂರ್ನಿಯ ಅತ್ಯುತ್ತಮ ಆಟಗಾರನಾದ. ಅಂಕ ಗಳಿಸುವ ಹೊಣೆಯನ್ನು ಡೋರನ್ ಲ್ಯಾಂಬ್ ಮತ್ತು ಇತರರು ಹೊತ್ತಿದ್ದರಿಂದಲೇ ಡೇವಿಸ್‌ಗೆ ಆ ರಾತ್ರಿ ತನ್ನ ಎಸೆತ ಕೈಕೊಟ್ಟರೂ ತಂಡವನ್ನು ಕಾಯಲು ಸಾಧ್ಯವಾಯಿತು. ಹಾರ್ಪರ್‌ಗೆ ಆ ಸ್ವಾತಂತ್ರ್ಯ ಒಂದು ರಾತ್ರಿಯೂ ಇರಲಿಲ್ಲ ಎಂದೇ ನನ್ನ ಅಭಿಪ್ರಾಯ. ಅವನ ಕೈ ತಪ್ಪಿದ ದಿನ ತಂಡವೂ ಸೋತಂತೆಯೇ. ಇನ್ನು ಫ್ಲ್ಯಾಗ್‌ನ ಡ್ಯೂಕ್ ತಂಡ: ಅದೇ 2025ರ ಡ್ರಾಫ್ಟ್‌ನ ಮೊದಲ ಹತ್ತರಲ್ಲಿ ಆಯ್ಕೆಯಾದ ಮೂವರು ಫ್ರೆಶ್‌ಮನ್‌ಗಳು ಅದರಲ್ಲಿದ್ದರು. 35 ಪಂದ್ಯ ಗೆದ್ದು ಫೈನಲ್ ಫೋರ್‌ಗೆ ಬಂದ ಆ ತಂಡ ಹ್ಯೂಸ್ಟನ್ ಎದುರು ಗೆದ್ದೇಬಿಟ್ಟ ಪಂದ್ಯವನ್ನು ಕೊನೆಯ ನಿಮಿಷದಲ್ಲಿ 70–67ರಿಂದ ಕಳೆದುಕೊಂಡಿತು. ಎಲ್ಲವೂ ಇದ್ದ ತಂಡಕ್ಕೇ ಹೀಗಾಗುವ ಆಟ ಇದು.

ತಾಳ್ಮೆಯ ವಿಷಯದಲ್ಲಿ ಹ್ಯಾರಿಸನ್ ಬಾರ್ನ್ಸ್‌ನ ನೆನಪು ಮಾಡಿಕೊಳ್ಳಲೇಬೇಕು. 2010ರಲ್ಲಿ ನಾರ್ತ್ ಕ್ಯಾರೊಲಿನ ಸೇರಿದಾಗ, ಕಾಲೇಜಿನಲ್ಲಿ ಒಂದು ಪಂದ್ಯವನ್ನೂ ಆಡದೆಯೇ ಎಪಿಯ ಋತುಪೂರ್ವ ಆಲ್ ಅಮೆರಿಕ (ದೇಶದ ಅತ್ಯುತ್ತಮ ಆಟಗಾರರ) ಮೊದಲ ತಂಡದಲ್ಲಿ ಹೆಸರು ಪಡೆದ ಮೊದಲ ಫ್ರೆಶ್‌ಮನ್ ಅವನು. ಕೆಲವೇ ದಿನಗಳಲ್ಲಿ ಮಿನ್ನೆಸೋಟ ವಿರುದ್ಧ ಎಸೆದ ಹನ್ನೆರಡರಲ್ಲಿ ಒಂದೂ ಬುಟ್ಟಿಗೆ ಬೀಳಲಿಲ್ಲ. ಪಟ್ಟಿಯ ಮೇಲೆ ನಂಬಿಕೆ ಇಟ್ಟಿದ್ದವರೇ ಅವನನ್ನು ಕೈಬಿಡತೊಡಗಿದರು. ಅದೇ ಹುಡುಗ ಮಾರ್ಚಿನಲ್ಲಿ ನಾರ್ತ್ ಕ್ಯಾರೊಲಿನ ಆಡುವ ಎಸಿಸಿ ಲೀಗಿನ ಟೂರ್ನಿಯ ಸೆಮಿಫೈನಲ್‌ನಲ್ಲಿ ಕ್ಲೆಮ್ಸನ್ ವಿರುದ್ಧ 40 ಅಂಕ ಗಳಿಸಿದ. ನವೆಂಬರ್ ಮತ್ತು ಮಾರ್ಚ್ ನಡುವೆ ನಾಲ್ಕು ತಿಂಗಳಿವೆ. ಹದಿನೆಂಟರ ವಯಸ್ಸಿನಲ್ಲಿ ಅದು ದೊಡ್ಡ ಕಾಲ. ಅವನ ಸುತ್ತ ಬಲವಾದ ತಂಡವಿತ್ತು, ಹಾಗಾಗಿ ಅವನು ತಡವರಿಸಿದರೂ ತಂಡ ನಿಂತಿತು, ಅವನಿಗೆ ಕಲಿಯಲು ಸಮಯ ಸಿಕ್ಕಿತು.

ಒಂದೇ ವರ್ಷಕ್ಕೆ ಬಿಟ್ಟುಹೋದರೆಂಬ ದೂರು ನಮ್ಮಲ್ಲಿ ಕೆಲವರದು. ಆ ನಿಯಮ ಆಟಗಾರರು ಮಾಡಿದ್ದಲ್ಲ. 2006ರ ಡ್ರಾಫ್ಟ್‌ನಿಂದ ಜಾರಿಗೆ ಬಂದ ಎನ್‌ಬಿಎ ನಿಯಮದಂತೆ ಅಮೆರಿಕದ ಆಟಗಾರನಿಗೆ ಡ್ರಾಫ್ಟ್ ನಡೆಯುವ ವರ್ಷದೊಳಗೆ ಹತ್ತೊಂಬತ್ತು ತುಂಬಬೇಕು, ಹೈಸ್ಕೂಲು ಮುಗಿದು ಒಂದು ವರ್ಷವಾದರೂ ಕಳೆದಿರಬೇಕು. ಅದಿಲ್ಲದಿದ್ದರೆ ಇವರಲ್ಲಿ ಹಲವರು ಕಾಲೇಜಿನ ಮುಖವನ್ನೇ ನೋಡುತ್ತಿರಲಿಲ್ಲ. ಆ ಒಂದು ವರ್ಷವನ್ನು ಎಲ್ಲಿ ಕಳೆಯಬೇಕೆಂಬ ಆಯ್ಕೆ ಮುಂದಿದ್ದಾಗ, ದೇಶದ ಯಾವ ಕಾಲೇಜು ಬೇಕಾದರೂ ಕೈಚಾಚುತ್ತಿದ್ದ ಹುಡುಗರು ನಮ್ಮ ಪಿಸ್ಕಾಟವೇಗೆ ಬಂದರು. ಅದನ್ನು ನಾನು ಉಪಕಾರವೆಂದು ಕರೆಯುವುದಿಲ್ಲ, ವಂಚನೆಯೆಂದು ಕರೆಯಲಂತೂ ನನ್ನ ಮನಸ್ಸು ಒಪ್ಪುವುದಿಲ್ಲ.

ಹಣದ ಮಾತನ್ನು ತಪ್ಪಿಸಿಕೊಳ್ಳುವಂತಿಲ್ಲ, ಏಕೆಂದರೆ ನಮ್ಮ ಸಿಟ್ಟಿನ ಒಂದು ಪಾಲು ಅಲ್ಲಿಂದಲೇ ಬರುತ್ತಿದೆ. 2021ರ ಜುಲೈನಿಂದ ಕಾಲೇಜು ಆಟಗಾರರು ತಮ್ಮ ಹೆಸರು ಮತ್ತು ಚಿತ್ರದಿಂದ ಹಣ ಗಳಿಸಬಹುದು. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ‘ಹೌಸ್’ ಎಂಬ ಮೊಕದ್ದಮೆಯ ರಾಜಿ ಒಪ್ಪಂದದ ಪ್ರಕಾರ ಒಂದೊಂದು ವಿಶ್ವವಿದ್ಯಾಲಯವೂ ತನ್ನೆಲ್ಲ ಕ್ರೀಡೆಗಳ ಆಟಗಾರರಿಗೆ ಸೇರಿ 2025–26ರಲ್ಲಿ ಸುಮಾರು 2.05 ಕೋಟಿ ಡಾಲರ್ ವರೆಗೆ ನೇರವಾಗಿ ಕೊಡಬಹುದಾಗಿತ್ತು. ಹುಡುಗನಿಗೆ ಸಂಬಳ ಬರುತ್ತಿದೆ, ಆದ್ದರಿಂದ ಅವನು ಬೈಗುಳ ತಿನ್ನಲೂ ಸಿದ್ಧನಿರಬೇಕು ಎಂಬ ವಾದ ಈಗ ಹಿರಿಯರ ಬಾಯಲ್ಲೂ ಕೇಳಿಬರುತ್ತಿದೆ. ದುಡಿಮೆಗೆ ಕೂಲಿ ಪಡೆದ ಮಾತ್ರಕ್ಕೆ ಯಾರೂ ಅವಮಾನಕ್ಕೆ ಒಪ್ಪಿಗೆ ಕೊಟ್ಟಂತಲ್ಲ. ನಮ್ಮ ಕಚೇರಿಗಳಲ್ಲಿ ನಾವು ಯಾರೂ ಅದನ್ನು ಸಹಿಸುವುದಿಲ್ಲ. ಎಷ್ಟೋ ವರ್ಷ ಈ ಹುಡುಗರ ಆಟದಿಂದ ಟಿವಿ ವಾಹಿನಿಗಳು, ಕೋಚ್‌ಗಳು, ವಿಶ್ವವಿದ್ಯಾಲಯಗಳು ಗಳಿಸುತ್ತಿದ್ದಾಗ ಆಟಗಾರರಿಗೆ ಸಿಗುತ್ತಿದ್ದದ್ದು ವಿದ್ಯಾರ್ಥಿವೇತನ ಮಾತ್ರ. ಆ ಅನ್ಯಾಯ ತಡವಾಗಿ ಸರಿಯಾಗುತ್ತಿರುವುದನ್ನು ನಾವು ಅವರ ವಿರುದ್ಧವೇ ಸಾಕ್ಷಿಯಾಗಿ ಬಳಸಬಾರದು.

ಜೂಜಿನ ವಿಷಯ ಇನ್ನೂ ಗಂಭೀರ. 2018ರಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಗಿ ಕ್ರೀಡಾ ಜೂಜಿಗೆ ದೇಶದಾದ್ಯಂತ ದಾರಿ ತೆರೆಸಿದ ರಾಜ್ಯ ನಮ್ಮದೇ. ಆದರೂ ನ್ಯೂಜೆರ್ಸಿಯ ಕಾಲೇಜು ತಂಡಗಳ ಮೇಲೆ ಇಲ್ಲಿ ಬಾಜಿ ಕಟ್ಟುವಂತಿಲ್ಲ. ಆ ನಿರ್ಬಂಧವನ್ನು ಸಡಿಲಿಸುವ ಪ್ರಸ್ತಾಪ 2021ರ ನವೆಂಬರಿನಲ್ಲಿ ಮತಕ್ಕೆ ಬಂದಾಗ ಈ ರಾಜ್ಯದ ಮತದಾರರು ಅದನ್ನು ತಿರಸ್ಕರಿಸಿದರು. ಅದು ವಿವೇಕದ ನಿರ್ಧಾರವೆಂದು ನಾನು ಇಂದಿಗೂ ಭಾವಿಸುತ್ತೇನೆ. ಬೇರೆ ರಾಜ್ಯಗಳಲ್ಲಿ ಒಬ್ಬೊಬ್ಬ ಆಟಗಾರನ ಅಂಕ, ರಿಬೌಂಡ್‌ಗಳ ಮೇಲೂ ಬಾಜಿ ನಡೆಯುತ್ತದೆ. ಸೋತವರು ವಿದ್ಯಾರ್ಥಿಯ ಫೋನಿಗೆ ನೇರವಾಗಿ ಬೆದರಿಕೆ ಕಳಿಸುವಷ್ಟು ಕೆಟ್ಟುಹೋಗಿರುವುದರಿಂದಲೇ 2024ರ ಮಾರ್ಚಿನಲ್ಲಿ ಎನ್‌ಸಿಎಎ ಅಧ್ಯಕ್ಷ ಚಾರ್ಲಿ ಬೇಕರ್ ಅಂಥ ಬಾಜಿಗಳನ್ನು ಎಲ್ಲ ರಾಜ್ಯಗಳೂ ನಿಷೇಧಿಸಬೇಕೆಂದು ಕೇಳಿಕೊಂಡರು. ಬಾಜಿ ಕಟ್ಟದ ಅಭಿಮಾನಿ ಬರೆದರೂ ಬೈಗುಳ ಬೈಗುಳವೇ. ನಮ್ಮ ಮನೆಗಳಲ್ಲಿ ಅದೇ ವಯಸ್ಸಿನ ಮಕ್ಕಳಿದ್ದಾರೆ. ಮೊದಲ ಸೆಮಿಸ್ಟರಿನ ಕ್ಯಾಲ್ಕುಲಸ್ ಪರೀಕ್ಷೆಯಲ್ಲಿ ಅವರು ಎಡವಿದಾಗ ಹೊಂದಿಕೊಳ್ಳಲು ಸಮಯ ಬೇಕು ಎಂದು ನಾವೇ ಸಮಾಧಾನ ಹೇಳುತ್ತೇವೆ. ಅದೇ ಕ್ಯಾಂಪಸ್ಸಿನಲ್ಲಿ, ಅದೇ ಸೆಮಿಸ್ಟರಿನಲ್ಲಿ, ಎಂಟು ಸಾವಿರ ಜನರ ಮುಂದೆ ಪರೀಕ್ಷೆ ಬರೆಯುವ ಹುಡುಗನಿಗೂ ಆ ಮಾತು ಸಲ್ಲಬೇಕಲ್ಲವೇ?

ಹಾಗೆಂದು ನಿರೀಕ್ಷೆಯನ್ನೇ ಬಿಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ. ಅದನ್ನು ಇಲ್ಲೇ ಉಳಿಯುವವರ ಕಡೆಗೆ ತಿರುಗಿಸಿ ಎಂಬುದು ನನ್ನ ಕೋರಿಕೆ. ಇಬ್ಬರು ತಾರೆಗಳು ಬರುವುದು ಸುಮಾರು ಒಂದು ವರ್ಷ ಮೊದಲೇ ಗೊತ್ತಿದ್ದರೂ ಅವರ ಸುತ್ತ ಬುಟ್ಟಿಯನ್ನು ಕಾಯುವವರನ್ನು, ದೂರದಿಂದ ನಿಖರವಾಗಿ ಎಸೆಯುವವರನ್ನು ಏಕೆ ಹೊಂದಿಸಲಾಗಲಿಲ್ಲ? ರಕ್ಷಣೆಗೆ ಹೆಸರಾದ ಪೈಕೆಲ್ ಅವರ ತಂಡ ಅದೇ ವರ್ಷ ರಕ್ಷಣೆಯಲ್ಲಿ ಸಡಿಲಾದದ್ದು ಹೇಗೆ? ಪೈಕೆಲ್ ಅವರ ಮೇಲೆ ನನಗಿರುವ ಗೌರವ ಕಡಿಮೆಯಾಗಿಲ್ಲ; ಮೂವತ್ತು ವರ್ಷದ ಬರ ನೀಗಿಸಿದವರು ಅವರು, ಈ ಪ್ರಶ್ನೆಗಳಿಗೆ ಉತ್ತರಿಸುವಷ್ಟು ದೊಡ್ಡವರೂ ಹೌದು. ಆ ಋತು ಆರಂಭವಾಗುವ ಕೆಲವೇ ತಿಂಗಳ ಹಿಂದೆ, 2024ರ ಆಗಸ್ಟಿನಲ್ಲಿ, ಕ್ರೀಡಾ ನಿರ್ದೇಶಕ ಪ್ಯಾಟ್ ಹಾಬ್ಸ್ ರಾಜೀನಾಮೆ ಕೊಟ್ಟರು. ಖಾಯಂ ನಿರ್ದೇಶಕಿಯಾಗಿ ಕೆಲಿ ಜಿನ್ ಅವರ ನೇಮಕವಾದದ್ದು 2025ರ ಬೇಸಿಗೆಯಲ್ಲಿ. ತಂಡದ ಚರಿತ್ರೆಯಲ್ಲೇ ಅತಿ ದೊಡ್ಡ ಅವಕಾಶವೊಂದು ಬಂದ ವರ್ಷವಿಡೀ ಆ ಕುರ್ಚಿಯಲ್ಲಿ ಖಾಯಂ ಅಧಿಕಾರಿಯಿರಲಿಲ್ಲ ಎಂಬುದು ಚರ್ಚೆಗೆ ಬರಬೇಕಾದ ಸಂಗತಿ. ರಟ್ಗರ್ಸ್ ಸಾರ್ವಜನಿಕ ವಿಶ್ವವಿದ್ಯಾಲಯ. ಅದರ ಖರ್ಚಿನಲ್ಲಿ ನಮ್ಮ ತೆರಿಗೆಯೂ ಇದೆ, ಮಕ್ಕಳ ಶುಲ್ಕವೂ ಇದೆ. ಕೇಳುವ ಹಕ್ಕು ನಮಗಿದೆ.

ಆದ್ದರಿಂದ ನಿಮ್ಮಲ್ಲಿ ನನ್ನ ವಿನಂತಿ ಇಷ್ಟು. ಸೀಸನ್ ಟಿಕೆಟ್ ನವೀಕರಿಸುವಾಗ, ಹಳೆಯ ವಿದ್ಯಾರ್ಥಿಗಳಾಗಿ ದೇಣಿಗೆಯ ಕರೆ ಬಂದಾಗ, ಆಡಳಿತ ಮಂಡಳಿಯ ಸಭೆಯಲ್ಲಿ ಸಾರ್ವಜನಿಕರಿಗೆ ಮಾತನಾಡಲು ಅವಕಾಶ ಸಿಕ್ಕಾಗ ಮೇಲಿನ ಪ್ರಶ್ನೆಗಳನ್ನು ಕ್ರೀಡಾ ವಿಭಾಗಕ್ಕೆ ಬರವಣಿಗೆಯಲ್ಲಿ, ಹೆಸರು ಹಾಕಿ ಕಳುಹಿಸಿ. ಮುಂದಿನ ಐದು ನಕ್ಷತ್ರದ ಹುಡುಗ ಬಂದಾಗ ಅವನ ಮೊದಲ ಹತ್ತು ಪಂದ್ಯಗಳ ಮೇಲೆ ಯಾವ ತೀರ್ಪನ್ನೂ ಕೊಡಬೇಡಿ, ಅವನ ಖಾತೆಗೆ ಯಾವ ಸಂದೇಶವನ್ನೂ ಕಳಿಸಬೇಡಿ, ಪಕ್ಕದ ಸೀಟಿನವರು ಅವನನ್ನು ಹೆಸರು ಹಿಡಿದು ನಿಂದಿಸತೊಡಗಿದರೆ ನಿಮ್ಮ ಮಕ್ಕಳ ಎದುರಿನಲ್ಲೇ ಅವರನ್ನು ತಡೆಯಿರಿ. ಹಾರ್ಪರ್ ಮತ್ತು ಬೈಲಿ ಎನ್‌ಬಿಎ ತಂಡಗಳ ಜೊತೆ ನ್ಯೂಯಾರ್ಕಿಗೋ ಫಿಲಡೆಲ್ಫಿಯಕ್ಕೋ ಆಡಲು ಬಂದಾಗ, ಸಾಧ್ಯವಿರುವವರು ಕೆಂಪಂಗಿ ತೊಟ್ಟುಕೊಂಡೇ ಹೋಗಿ ಅವರ ಹೆಸರು ಕೂಗಿ ಬನ್ನಿ.

ಇಂತಿ ನಿಮ್ಮವ,
ರಟ್ಗರ್ಸ್ ತಂಡದ ಒಬ್ಬ ಕನ್ನಡಿಗ ಅಭಿಮಾನಿ
ಪಿಸ್ಕಾಟವೇ, ನ್ಯೂಜೆರ್ಸಿ